ಜೈನ ಮೇಜಿನ ಮೇಲೆ ಒಂದು ಏಕಾದಶಿ

ನಮ್ಮವರು ಕೇಂದ್ರ ಸರಕಾರದ ನೌಕರರು. ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಸರಕಾರದ ಖರ್ಚಿನಲ್ಲಿ ಹೋಗಿ ಬರುವ ಸವಲತ್ತಿತ್ತು. ಹಿಂದಿನ ಸವಲತ್ತುಗಳೆಲ್ಲ ಕಾಶಿ, ಪುರಿ, ರಾಮೇಶ್ವರ ಎಂದು ದೇವರ ಕಡೆಗೇ ಖರ್ಚಾಗಿದ್ದವು. ತೊಂಬತ್ತರ ದಶಕದ ಮೊದಲಲ್ಲಿ, ನಾವು ನಾಸಿಕ್ ರೋಡಿನಲ್ಲಿದ್ದಾಗ, ಇವರ ತಲೆಯಲ್ಲಿ ಹಡಗು ಹೊಕ್ಕಿತು. ಕೊಚ್ಚಿಯಿಂದ ಹೊರಟು ಲಕ್ಷದ್ವೀಪದ ಮೂರು ದ್ವೀಪ ತೋರಿಸಿ ಐದನೇ ದಿನ ಬೆಳಿಗ್ಗೆ ವಾಪಸು ತಂದು ಬಿಡುವ ಪ್ರವಾಸ.

"ಅಲ್ಲಿ ಗುಡಿ ಅದ ಏನು?" ಎಂದು ಅತ್ತೆ ಕೇಳಿದರು.

"ಸಮುದ್ರ ಅದ, ಅವ್ವಾ."

"ಸಮುದ್ರಕ್ಕೂ ಕೈ ಮುಗೀಬಹುದು. ನಡೀರಿ."

ಅತ್ತೆಯನ್ನು ಕರೆದುಕೊಂಡು ಹೋಗಲು ನನಗೆ ಒಳಗೊಳಗೇ ಅಂಜಿಕೆ. ಅವರು ಪಂಢರಪುರದ ವಿಠೋಬನ ಭಕ್ತರು. ಕೊರಳಲ್ಲಿ ತುಳಸಿ ಮಾಲೆ, ಮೂವತ್ತು ವರ್ಷದಿಂದ ಒಂದು ಏಕಾದಶಿಯೂ ತಪ್ಪಿಲ್ಲ. ಆದರೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಹತ್ತಿತ್ತು. ನಮ್ಮ ಡಾಕ್ಟರು ಕೈ ಮುಗಿದೇ ಹೇಳಿದ್ದರು: ಉಪವಾಸ ಮಾಡಿರಿ ಅಜ್ಜಿ, ಆದರೆ ಗುಳಿಗೆ ನುಂಗಿ ಹಸಿದು ಕೂಡಬೇಡಿರಿ, ತಲೆ ತಿರುಗಿ ಬೀಳುತ್ತೀರಿ. ಬಾಳೆಹಣ್ಣನ್ನೂ ಬಿಡಿಸಿದ್ದರು. ಹಾಗಾಗಿ ಏಕಾದಶಿ ದಿನ ಅವರಿಗೆ ಬಟಾಟೆ, ಶೇಂಗಾ, ಸಾಬೂದಾಣಿಯ ಫರಾಳ ಮಾಡಿ ಹೊತ್ತಿಗೆ ಸರಿಯಾಗಿ ಉಣಿಸುವುದು ನನ್ನ ಕೆಲಸ. ಪಂಚಾಂಗ ನೋಡಿದೆ. ಹಡಗಿನ ನಾಲ್ಕನೇ ದಿನವೇ ಏಕಾದಶಿ.

ಅರ್ಜಿಯ ನಮೂನೆ ಅಂಚೆಯಲ್ಲಿ ಬಂದ ದಿನ ನನ್ನ ನಾದಿನಿಯೂ ಮನೆಯಲ್ಲಿದ್ದಳು. ಅವಳ ಗಂಡ ಔರಂಗಾಬಾದಿನಲ್ಲಿ ಬ್ಯಾಂಕಿನವರು. ಊರಿಗೆ ಈಗ ಛತ್ರಪತಿ ಸಂಭಾಜಿನಗರವೆಂದು ಹೆಸರಾಗಿದೆ, ನನ್ನ ಬಾಯಿಗಿನ್ನೂ ಹಳೆಯದೇ ಬರುತ್ತದೆ. ತ್ರ್ಯಂಬಕೇಶ್ವರದಲ್ಲಿ ಅಭಿಷೇಕ ಮುಗಿಸಿ, ಜೀಪಿನಲ್ಲಿ ಹದಿನಾಲ್ಕು ಮಂದಿಯ ನಡುವೆ ನುಗ್ಗಾಗಿ ಬಂದಿದ್ದಳು. ಒಮ್ಮೆ ಮುಂಬೈಯಿಂದ ಗೋವಾಕ್ಕೆ ಸ್ಟೀಮರಿನಲ್ಲಿ ಹೋಗಿದ್ದಳಾದ್ದರಿಂದ ನಮ್ಮ ಇಡೀ ಬಳಗದಲ್ಲಿ ಹಡಗಿನ ವಿಷಯಕ್ಕೆ ಅವಳ ಮಾತೇ ಕೊನೆಯ ಮಾತು.

ಇವರು ಕನ್ನಡಕ ಏರಿಸಿ ಓದುತ್ತ ಹೋದರು. ಊಟ ಎರಡು ಸರತಿಯಲ್ಲಿ, ಯಾವುದು ಬೇಕು ಬರೆಯಿರಿ ಎಂದಿತ್ತು.

"ಮೊದಲನೇ ಪಂಕ್ತಿ," ಎಂದರು ಅತ್ತೆ, ಅದರಲ್ಲಿ ಕೇಳುವುದೇನಿದೆ ಎಂಬಂತೆ. "ಎರಡನೇ ಪಂಕ್ತಿಗೆ ಬಡಸಾವ್ರು ಕೂಡತಾರ."

ಮುಂದೆ ಒಂದು ಸಾಲು ಬಂತು. ಇವರು ಅದನ್ನು ಎರಡು ಸಲ ಓದಿದರು. "ಗ್ರಾಚ್ಯುಟಿ ಇದರಾಗ ಸೇರಿಲ್ಲ ಅಂತ ಬರದಾರ. ಗ್ರಾಚ್ಯುಟಿ ನಾ ರಿಟೈರ್ ಆದಮ್ಯಾಲೆ ಸರಕಾರ ನನಗ ಕೊಡೂದು. ಇವರೇನು ನನ್ನ ಕೇಳ್ತಾರ?"

"ಅಣ್ಣಾ, ಅದು ಟಿಪ್ಸ್," ಎಂದಳು ನಾದಿನಿ. "ಕಡೀ ದಿನಾ ಖುಷಿಲೆ ಕೊಡೂದು."

"ಖುಷಿ ಆಗದಿದ್ರ?"

"ಆದ್ರೂ ಕೊಡೂದು."

ಆಮೇಲೆ ಊಟದ ಬಗೆ. ನಾಲ್ಕು ಚೌಕ: ಸಸ್ಯಾಹಾರ, ಮಾಂಸಾಹಾರ, ಜೈನ, ಇಂಗ್ಲಿಷ್ ಊಟ. ಇವರು ಸಸ್ಯಾಹಾರಕ್ಕೆ ಗುರುತು ಹಾಕಲು ಪೆನ್ನು ಊರಿದ್ದರು. ನಾದಿನಿ ಕೈ ಹಿಡಿದಳು.

"ಸಸ್ಯಾಹಾರ ಅಂದ್ರ ಉಳ್ಳಾಗಡ್ಡಿ ಬಳ್ಳೊಳ್ಳಿ ಸುರೂತಾರ. ಅವ್ವ ಮುಟ್ಟಂಗಿಲ್ಲ. ಜೈನ ಅಂತ ಬರಸ್ರಿ ವೈನಿ, ನಿಶ್ಚಿಂತಿ."

"ನಾವು ಜೈನರಲ್ಲಲ್ಲ," ಎಂದೆ.

"ಅವರೇನು ಜಾತಿ ಸರ್ಟಿಫಿಕೇಟ್ ಕೇಳ್ತಾರೇನು?"

ಮನಸ್ಸು ಒಪ್ಪಲಿಲ್ಲ, ಕೈ ಒಪ್ಪಿತು. ಗುರುತು ಹಾಕಿದವಳು ನಾನೇ. ಹೊರಗಿನ ತಿನಿಸು ಹಡಗಿಗೆ ತರಬಾರದು ಎಂದೂ ಬರೆದಿತ್ತು. ನಮ್ಮವರು ಬರೆದದ್ದನ್ನು ಮೀರುವವರಲ್ಲ. ನಾನು ಕಟ್ಟಿಟ್ಟ ಸಾಬೂದಾಣಿ, ಶೇಂಗಾ ಎಲ್ಲ ಕಪಾಟಿನಲ್ಲೇ ಉಳಿದವು. ಉಳ್ಳಾಗಡ್ಡಿಯನ್ನೇ ಮುಟ್ಟದ ಅಡುಗೆಮನೆ ಅಂದಮೇಲೆ ಏಕಾದಶಿಗೆ ನಾಲ್ಕು ಬಟಾಟೆ ಬೇಯಿಸಿ ಕೊಡುವುದಿಲ್ಲವೇ ಎಂದುಕೊಂಡೆ.

ಹಡಗು ನನ್ನ ಕಲ್ಪನೆಗಿಂತ ದೊಡ್ಡದಿತ್ತು, ನಮ್ಮ ಕೋಣೆ ಕಲ್ಪನೆಗಿಂತ ಸಣ್ಣದು. ಮೂರು ಹಾಸಿಗೆ, ಒಂದು ಸ್ಟೂಲು, ತಟ್ಟೆಯಷ್ಟು ದುಂಡು ಕಿಟಕಿ. ದ್ವೀಪದ ಹತ್ತಿರ ಹಡಗು ನಿಂತಾಗ ಆ ಕಿಟಕಿ ಪೂರ್ವಕ್ಕೆ ಬರುತ್ತಿತ್ತು. ಅತ್ತೆಗೆ ಬೆಳಿಗ್ಗೆ ಕೂತಲ್ಲೇ ಸೂರ್ಯನ ದರ್ಶನ. ದೇವರು ಕೋಣೆ ಹಂಚುವಾಗ ನಮ್ಮನ್ನು ನೆನೆಸಿದ್ದ. ನಮ್ಮ ಕೋಣೆಗೂ ಜೈನ ಮೇಜಿಗೂ ಒಬ್ಬನೇ ಬಡಿಸುವವನು. ಕಾರವಾರದ ಕಡೆಯ ಮನುಷ್ಯ, ಐವತ್ತರ ಹತ್ತಿರ ವಯಸ್ಸು, ನರೆತ ಮೀಸೆ, ಬಿಳಿ ಟೋಪಿ. ಮುಂಬೈಯಲ್ಲಿ ವರ್ಷಗಟ್ಟಲೆ ಇದ್ದವನಾದ್ದರಿಂದ ಕನ್ನಡಕ್ಕಿಂತ ಮರಾಠಿ ಚೆನ್ನಾಗಿ ಬರುತ್ತಿತ್ತು. ಅತ್ತೆಯನ್ನು ಮೊದಲ ದಿನವೇ ಆಯಿ ಎಂದು ಕರೆದ. ಅತ್ತೆಯೂ ನಾಸಿಕದ ಮರಾಠಿಯಲ್ಲಿ ಅವನ ಮನೆಮಂದಿಯ ವಿಚಾರವನ್ನೆಲ್ಲ ಒಂದೇ ಚಹಾದಲ್ಲಿ ತಿಳಿದುಕೊಂಡರು.

ಜೈನ ಮೇಜಿನ ರಾತ್ರಿಯೂಟ ಹೊತ್ತು ಮುಳುಗುವ ಮೊದಲೇ. ಮೊದಲನೇ ಪಂಕ್ತಿಗಿಂತಲೂ ಮೊದಲ ಪಂಕ್ತಿ ನಮ್ಮದಾಯಿತು. ಬಿಸಿಲು ತಟ್ಟೆಯ ಮೇಲೆ ಬಿದ್ದಿರುವಾಗಲೇ ಮೂರು ಗುಜರಾತಿ ಕುಟುಂಬಗಳೊಡನೆ ಕೂತು ಫುಲ್ಕಾ, ಹೆಸರುಬೇಳೆ ತೊವ್ವೆ ಉಣ್ಣುತ್ತಿದ್ದೆವು. "ಹಾಲು ಹಿಂಡೂ ಹೊತ್ತಿನ್ಯಾಗ ರಾತ್ರಿ ಊಟ," ಎಂದು ಇವರು ಗೊಣಗಿದರು. ಅತ್ತೆ ಮಾತ್ರ ಸಂತೋಷವಾಗಿದ್ದರು. ಮೂರು ದಿನ ಉಳ್ಳಾಗಡ್ಡಿಯ ವಾಸನೆ ನಮ್ಮ ಹತ್ತಿರ ಸುಳಿಯಲಿಲ್ಲ.

ನಾಲ್ಕನೇ ದಿನ ಹಡಗು ಎಲ್ಲೂ ನಿಲ್ಲದೆ ಕೊಚ್ಚಿಯ ಕಡೆ ತಿರುಗಿತ್ತು. ಗಾಳಿ ಎದ್ದಿತು. ಇವರು ಬೆಳಿಗ್ಗೆಯೇ ವಾಂತಿ ಮಾಡಿಕೊಂಡು, ನಿಂಬೆಹಣ್ಣು ಮೂಸುತ್ತ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅತ್ತೆ ಅಲ್ಲಾಡುವ ಬಚ್ಚಲಿನಲ್ಲೇ ಸ್ನಾನ ಮುಗಿಸಿ, ಜಪ ಮಾಡಿ, ರೂಢಿಯಂತೆ ಗುಳಿಗೆ ನುಂಗಿ ಊಟದ ಕೋಣೆಗೆ ಬಂದರು. ಮೇಜಿನ ಮೇಲೆ ಇಡ್ಲಿ, ಉಪ್ಪಿಟ್ಟು, ಗೋಧಿಯ ಥೇಪ್ಲಾ. ನಾನು ಬಡಿಸುವವನನ್ನು ಕರೆದು, ಆಯಿಗೆ ಏಕಾದಶಿ, ನಾಲ್ಕು ಬಟಾಟೆ ಬೇಯಿಸಿ ಕೊಡಪ್ಪಾ ಎಂದೆ.

ಅವನು ನನ್ನನ್ನು ನೋಡಿದ. ಮೇಜನ್ನು ನೋಡಿದ. ಗುಜರಾತಿ ಹೆಂಗಸರು ನಮ್ಮನ್ನು ನೋಡಿದರು.

"ತಾಯಿ, ಇದು ಜೈನ ಮೇಜು," ಎಂದ ಮೆತ್ತಗೆ ಮರಾಠಿಯಲ್ಲಿ. "ನೆಲದೊಳಗೆ ಬೆಳೆದ ಗಡ್ಡೆ ಇಲ್ಲಿಗೆ ತರುವ ಹಾಗಿಲ್ಲ."

ಆಗ ನನಗೆ ಹೊಳೆಯಿತು. ಮೂರು ದಿನದಿಂದ ಒಂದು ಬಟಾಟೆಯನ್ನೂ ನಾವು ಕಂಡಿರಲಿಲ್ಲ. ಜೈನರಿಗೆ ಗಡ್ಡೆ ನಡೆಯದು, ಅಕ್ಕಿ ಗೋಧಿ ನಡೆಯುತ್ತದೆ. ನಮ್ಮ ಏಕಾದಶಿಗೆ ಅಕ್ಕಿ ಗೋಧಿ ನಡೆಯದು, ಗಡ್ಡೆಯೇ ಆಧಾರ. ಅವರು ಉಣ್ಣುವುದೆಲ್ಲ ನಮಗೆ ನಿಷಿದ್ಧ, ನಮಗೆ ಬೇಕಾದದ್ದು ಅವರಿಗೆ ನಿಷಿದ್ಧ. ನಾನು ಹಾಕಿದ ಒಂದು ಗುರುತು ಅತ್ತೆಯ ಹೊಟ್ಟೆಗೆ ಬೀಗ ಹಾಕಿತ್ತು.

ಅತ್ತೆ ಅರ್ಧ ಲೋಟ ಹಾಲು ಕುಡಿದರು. ಪುಡಿ ಹಾಲೆಂದು ತಿಳಿದ ಮೇಲೆ ಉಳಿದರ್ಧ ಕೆಳಗಿಟ್ಟರು. "ಇರಲಿ ಬಿಡು ಹುಡುಗಿ. ಒಂದ ದಿನಾ ಉಣ್ಣದಿದ್ರ ಸಾಯೂದಿಲ್ಲ."

ಹನ್ನೊಂದರ ಹೊತ್ತಿಗೆ ಅವರ ಹಣೆಯ ಮೇಲೆ ಬೆವರು ಕಟ್ಟಿತು. ಜಪಮಣಿ ಹಿಡಿದ ಬೆರಳು ನಡುಗುತ್ತಿತ್ತು. ಡಾಕ್ಟರು ಹೇಳಿದ್ದು ಇದನ್ನೇ. ಚಹಾಕ್ಕೆ ಕೊಟ್ಟಿದ್ದ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿದೆ. ಸ್ವಲ್ಪ ಚೇತರಿಸಿದರು. ಆದರೆ ಹೊಟ್ಟೆಗೆ ಏನಾದರೂ ಬೀಳಲೇಬೇಕಿತ್ತು. "ಇಡ್ಲಿ ತಿನ್ರಿ ಅತ್ಯಾ, ವಿಠೋಬ ಸಿಟ್ಟಾಗೂದಿಲ್ಲ," ಎಂದೆ. "ಅವ ಆಗೂದಿಲ್ಲ, ನಾ ಆಗ್ತೀನಿ," ಎಂದು ಕಣ್ಣು ಮುಚ್ಚಿದರು. ಇವರನ್ನು ಅಲುಗಿಸಿದೆ. ಒಂದು ಕಣ್ಣು ತೆರೆದು ಮತ್ತೆ ಗೋಡೆಗೆ ಹೊರಳಿದರು.

ಪರ ಗಂಡಸರ ಹತ್ತಿರ ನಾನಾಗಿ ಹೋಗಿ ಮಾತಾಡಿದವಳಲ್ಲ. ಅವತ್ತು ಸೆರಗು ಸೊಂಟಕ್ಕೆ ಸಿಗಿಸಿ, ಕಂಬಿ ಹಿಡಿದು ಮೆಟ್ಟಿಲಿಳಿದು ಅಡುಗೆಮನೆಯ ಬಾಗಿಲಿಗೆ ಹೋದೆ. ಅವನು ತಟ್ಟೆ ಒರೆಸುತ್ತಿದ್ದ.

"ಬಟಾಟೆ ಕೊಡಪ್ಪಾ, ಆಯಿಗೆ ಕೈಕಾಲು ನಡುಗುತ್ತಿವೆ."

"ತಾಯಿ, ಕೊಡುವುದು ದೊಡ್ಡ ಮಾತಲ್ಲ. ಆಯಿ ಈ ವಯಸ್ಸಿನಲ್ಲಿ ಧರ್ಮ ಕೆಡಿಸಿಕೊಂಡರೆ ಪಾಪ ನನಗೆ ತಟ್ಟುತ್ತದೆ. ನಾಳೆ ಅವರೇ ನನ್ನನ್ನು ಕೇಳುತ್ತಾರೆ, ಯಾಕೆ ಕೊಟ್ಟೆ ಎಂದು."

ನಮ್ಮ ಧರ್ಮವನ್ನು ನನಗಿಂತ ಹೆಚ್ಚು ಕಾಯುತ್ತ ನಿಂತಿದ್ದಾನೆ. ಸುಳ್ಳು ಹೇಳಿದವಳು ನಾನು. ವಿಠ್ಠಲಾ ಎಂದುಕೊಂಡು ಹೇಳಿಬಿಟ್ಟೆ: "ನಾವು ಜೈನರಲ್ಲ. ಉಳ್ಳಾಗಡ್ಡಿ ತಪ್ಪಿಸಲಿಕ್ಕೆ ಹಾಗೆ ಬರೆದೆ. ತಪ್ಪು ನನ್ನದು."

ಅವನು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಮೀಸೆಯೊಳಗೆ ನಗು ಬಂತು. "ಇದನ್ನು ಬೆಳಿಗ್ಗೆಯೇ ಹೇಳಬಾರದಿತ್ತೇ? ನಾಲ್ಕು ಸಾಕೋ, ಆರು ಹಾಕಲೋ?"

ಅರ್ಧ ಗಂಟೆಯಲ್ಲಿ ಮುಚ್ಚಿದ ತಟ್ಟೆಯೊಡನೆ ಕೋಣೆಗೇ ಬಂದ. ತುಪ್ಪ, ಜೀರಿಗೆ, ಹಸಿಮೆಣಸಿನಕಾಯಿ ಹಾಕಿದ ಬಟಾಟೆಯ ಮೇಲೆ ಕುಟ್ಟಿದ ಶೇಂಗಾ. ಅತ್ತೆ ತಟ್ಟೆ ಮುಟ್ಟದೆ ಅವನ ಮುಖ ನೋಡಿದರು.

"ಯಾವ ಪಾತೇಲಿಯಲ್ಲಿ ಮಾಡಿದೆ?"

"ಚಹಾದ ಪಾತೇಲಿ, ಆಯಿ. ಹಾಲು, ನೀರು ಬಿಟ್ಟು ಅದರಲ್ಲಿ ಬೇರೇನೂ ಬಿದ್ದಿಲ್ಲ. ತೊಳೆದು ನಾನೇ ಮಾಡಿದೆ."

"ಸ್ನಾನ?"

"ನಾಲ್ಕು ಗಂಟೆಗೇ ಆಗಿದೆ."

ಅತ್ತೆ ತಟ್ಟೆಯನ್ನು ಹಣೆಗೆ ಮುಟ್ಟಿಸಿ ಉಂಡರು. ಬೆವರು ಆರಿತು. ಬೆರಳಿನ ನಡುಕ ನಿಂತಿತು. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಅವತ್ತು ಸಂಜೆ ಹಡಗಿನವರು ದಿಂಬಿನ ಮೇಲೆ ಖಾಲಿ ಲಕೋಟೆ ಇಟ್ಟಿದ್ದರು. ಖುಷಿಯಿಂದ ಕೊಡುವುದನ್ನು ಇದರಲ್ಲಿ ಹಾಕಿ ಊಟದ ಕೋಣೆಯ ಪೆಟ್ಟಿಗೆಗೆ ಹಾಕಬೇಕು, ಅದು ಎಲ್ಲರಿಗೂ ಹಂಚಿಕೆಯಾಗುತ್ತದೆ ಎಂಬ ಚೀಟಿ. ಅತ್ತೆಗೆ ಓದಿ ಹೇಳಿದೆ.

"ನನಗ ಉಣಿಸಿದಾಂವ ಪೆಟಗಿ ಏನು?"

"ಹಂಗಲ್ಲರಿ ಅತ್ಯಾ. ಬೇಯಿಸಿದಾವ್ರು, ಮುಸುರಿ ತಿಕ್ಕಿದಾವ್ರು ನಮ್ಮ ಕಣ್ಣಿಗೆ ಬೀಳಲಿಲ್ಲಲ್ಲ, ಅವರಿಗೂ ಮುಟ್ಟಲಿ ಅಂತ."

ಅತ್ತೆ ಲಕೋಟೆಯನ್ನು ನನ್ನ ಕೈಗೆ ಕೊಟ್ಟರು. "ಹಂಗಿದ್ರ ಪೆಟಗಿಗೂ ಹಾಕು. ಇವಂದು ಬ್ಯಾರೆ."

ಮಾರನೇ ದಿನ ದ್ವಾದಶಿ. ಉಪವಾಸ ಬಿಡುವ ಪಾರಣೆಗೆ ಮೊದಲು ಯಾರಾದರೊಬ್ಬ ಅತಿಥಿಗೆ ಉಣಿಸಿ, ದಕ್ಷಿಣೆ ಕೊಟ್ಟು, ಆಮೇಲೆ ತಾವು ಉಣ್ಣುವುದು ಅತ್ತೆಯ ಪದ್ಧತಿ. ನಾಸಿಕದಲ್ಲಿ ಅತಿಥಿಗೆ ಬರವಿಲ್ಲ, ಇಲ್ಲಿ ಯಾರು? ಬೆಳಿಗ್ಗೆ ಅವನು ಇಡ್ಲಿ ಚಟ್ನಿಯ ತಟ್ಟೆ ಕೋಣೆಗೆ ತಂದಾಗ ಅತ್ತೆ ಸ್ಟೂಲು ತೋರಿಸಿದರು.

"ಕೂಡು. ಮೊದಲು ನೀನು."

"ಆಯಿ, ನಾನು ಡ್ಯೂಟಿಯಲ್ಲಿದ್ದೇನೆ. ಪ್ರವಾಸಿಗಳ ಕೋಣೆಯಲ್ಲಿ ನಾವು ಕೂಡುವ ಹಾಗಿಲ್ಲ."

"ನೀನು ಉಣ್ಣುವ ತನಕ ನಾನೂ ಉಣ್ಣುವ ಹಾಗಿಲ್ಲ."

ನಿನ್ನೆಯ ಬಟಾಟೆ ಎಷ್ಟು ಹೊತ್ತು ತಡೆದೀತು? ನಾನು ಅವನಿಗೆ ಕೈ ಮುಗಿದೆ. ಅವನು ಬಾಗಿಲನ್ನು ಪೂರ್ತಿ ತೆರೆದಿಟ್ಟು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ತುದಿಗೆ ಕೂತ. ಅತ್ತೆ ತಾವೇ ಎದ್ದು, ಒಂದು ಕೈಯಲ್ಲಿ ಹಾಸಿಗೆಯ ಕಂಬಿ ಹಿಡಿದು, ಇನ್ನೊಂದರಲ್ಲಿ ಬಡಿಸಿದರು. ಒಂದು ಸಾಕೆಂದ, ಎರಡು ಹಾಕಿದರು. ಇಪ್ಪತ್ತು ವರ್ಷದ ಹಡಗಿನ ನೌಕರಿಯಲ್ಲಿ ಬಡಿಸಿಕೊಂಡು ಉಂಡದ್ದು ಇದೇ ಮೊದಲು ಎಂದ. ಕೈ ತೊಳೆದು ಬಂದವನಿಗೆ ಅತ್ತೆ ಅಡಿಕೆಯೊಡನೆ ನೋಟು ಕೊಟ್ಟರು.

"ಆಯಿ, ನಮಗೆ ಕೊಟ್ಟದ್ದನ್ನೆಲ್ಲ ಪೆಟ್ಟಿಗೆಗೆ ಹಾಕಬೇಕು."

"ಪೆಟ್ಟಿಗೆಯದು ಪೆಟ್ಟಿಗೆಗೆ ಹೋಗಿದೆ. ಇದು ದಕ್ಷಿಣೆ."

ಅವನು ನಮಸ್ಕಾರ ಮಾಡಿ, ಟೋಪಿ ಹಾಕಿಕೊಂಡು ಹೋದ. ಹಡಗು ಬಂದರಿನ ಶಾಂತ ನೀರಿಗೆ ಬಂದಿತ್ತು. ಇವರು ಎದ್ದು ಕೂತು, ಯಾವುದೋ ಊರಿಂದ ಬಂದವರಂತೆ ಸುತ್ತ ನೋಡಿದರು.

"ನಿನ್ನೆ ಅವ್ವ ಏನ ತಿಂದ್ಳು?"

"ಬಟಾಟಿ."

"ಜೈನ ಅಡಗ್ಯಾಗ ಬಟಾಟಿ ಹೆಂಗ ಬಂತು?"

"ಕೇಳಿದೆ, ಕೊಟ್ರು."

ಇವರು ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ಪಾರಣೆಗೆ ಕೂತಿದ್ದ ಅತ್ತೆ ಖಾಲಿ ತಟ್ಟೆಯನ್ನು ನನ್ನ ಕಡೆ ಚಾಚಿದರು. "ಇಡ್ಲಿ ಮೆತ್ತಗ ಆಗ್ಯಾವ. ಇನ್ನೆರಡು ಅದಾವೇನು ನೋಡು."