ಕರು ಕಣ್ಣೆದುರಿಗೆ

ಶಂಶಾಬಾದಿನಲ್ಲಿ ವಿಮಾನ ನಿಲ್ದಾಣ ಏಳುತ್ತಿದ್ದ ಕಾಲ. ಸಾಫ್ಟ್‌ವೇರ್ ಹುಡುಗರ ಹಾಸ್ಟೆಲ್‌ಗಳಿಗೆ ಹಾಲು ಎಷ್ಟಿದ್ದರೂ ಸಾಲದು. ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದ ಚನ್ನಮಲ್ಲಪ್ಪನವರು ಅಲ್ಲೇ ಎಮ್ಮೆಗಳ ಕೊಟ್ಟಿಗೆ ಕಟ್ಟಿಸಿದ್ದರು. ಹಾಲು ಹಿಂಡಲು ಸೇಡಂ ಕಡೆಯ ಬಂಡೆಮ್ಮ ಬಂದಳು. "ಕೂಸಿನ್ನ ಕರಕೊಂಡು ಬರಬ್ಯಾಡ, ಕೆಲಸ ಕೆಡ್ತೈತಿ" ಎಂದಿದ್ದರು ಅವರು. ಅದೇನು ಕೆಡುತ್ತದೋ! ಪುಟ್ಟ ಮಗಳು ಸುವರ್ಣಾಳನ್ನು ಅವಳು ಊರಲ್ಲಿ ತಾಯಿಯ ಬಳಿ ಬಿಟ್ಟಿದ್ದಳು.

ಕೆಚ್ಚಲು ತುಂಬಿದ್ದರೂ ಎಮ್ಮೆಗಳು ತೊರೆ ಬಿಡುತ್ತಿರಲಿಲ್ಲ, ಹಾಲು ತಾನಾಗಿ ಇಳಿಯುತ್ತಿರಲಿಲ್ಲ. ದಿನವೂ ಸೂಜಿ ಚುಚ್ಚಿ ಹಾಲು ಇಳಿಸಬೇಕಿತ್ತು, ಎಮ್ಮೆಗಳು ಸೊರಗಿದವು. ಕೊನೆಗೆ ಪಶುವೈದ್ಯರು ಸೂಜಿ ನಿಲ್ಲಿಸಿ, ದೂರ ಕಟ್ಟಿದ್ದ ಕರುಗಳನ್ನು ತಾಯಂದಿರ ಮುಂದೆಯೇ ಕಟ್ಟಿಸಿದರು. ಎಮ್ಮೆಗಳು ಕರು ನೆಕ್ಕುತ್ತ ತಾವಾಗಿಯೇ ತೊರೆ ಬಿಟ್ಟವು. ಕ್ಯಾನುಗಳು ತುಂಬಿದವು.

ಎಮ್ಮೆಯ ಪಕ್ಕೆಗೆ ಹಣೆಯಾನಿಸಿ ಹಿಂಡುವುದು ಬಂಡೆಮ್ಮನ ರೂಢಿ. ಈಗ ತಲೆ ಹೊರಳಿಸಿ ಕರುವನ್ನೇ ನೋಡುತ್ತ ಹಿಂಡುತ್ತಿದ್ದಳು.

ಚನ್ನಮಲ್ಲಪ್ಪನವರು ಖುಷಿಯಿಂದ ಪೇಢೆ ಹಂಚಿದರು. "ಕರ ಎದುರಿಗಿದ್ರ ತಾಯಿ ಜೀವಕ್ಕ ಎಷ್ಟು ಸಮಾಧಾನ ನೋಡವ್ವಾ!"

ಬಂಡೆಮ್ಮ ಪೇಢೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಯಾಕ, ತಿನ್ನಂಗಿಲ್ಲೇನು?"

"ಸುವರ್ಣಾಗ ಇಟ್ಟೀನ್ರಿ. ನಾ ಹೋಗಿ ಕೊಡ್ಲೇನ್ರಿ, ಇಲ್ಲಾ ಆಕಿನ್ನ ಇಲ್ಲಿಗೇ ಕರಕೊಂಡು ಬರ್ಲೇನ್ರಿ?"