ಉಸ್ತಾದರ ಗಂಟು

ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕಥೆ ಶುರು ಮಾಡಿದರೆ ಮೊದಲು ಅಡ್ಡ ಪ್ರಶ್ನೆ ಹಾಕುತ್ತಿದ್ದವನು ನಾನೇ. ಯಾರು ನೋಡಿದರು, ಎಷ್ಟು ದೂರದಿಂದ, ಆಗ ಜ್ವರ ಇತ್ತೇ? ಭೌತಶಾಸ್ತ್ರ ಓದಿದವನ ಚಟ. ಅದೇ ಪ್ರಶ್ನೆಗಳನ್ನು ಈಗ ನನಗೆ ಹಾಕಿಕೊಂಡರೆ ನನ್ನ ಉತ್ತರಗಳು ನನಗೇ ಸಾಲುವುದಿಲ್ಲ. ಅದಕ್ಕೇ ನಡೆದದ್ದನ್ನು, ಅಂದರೆ ನಡೆಯಿತೆಂದು ನನಗೆ ನೆನಪಿರುವುದನ್ನು, ಬರೆದಿಡುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ ನಾನು ಸುರಪುರದಿಂದ ಯಾದಗಿರಿಗೆ ಮನೆ ಬದಲಿಸಬೇಕಾಗಿತ್ತು. ಸಾಮಾನು ಸಾಗಿಸಲು ದೋರನಹಳ್ಳಿಯಲ್ಲಿರುವ ನಮ್ಮಣ್ಣನ ಹಳೆಯ ಪಿಕಪ್ ಗಾಡಿ ತಂದಿದ್ದೆ. ಮಾರ್ಕೆಟ್ಟಿಗೆ ಕಾಯಿಪಲ್ಲೆ ಸಾಗಿಸಿ ಅವನ ಸಂಸಾರ ನಡೆಯುವುದು ಆ ಗಾಡಿಯೊಂದರಿಂದಲೇ. ಕೀಲಿ ಕೊಡುವಾಗ ಒಂದೇ ಮಾತು ಹೇಳಿದ್ದ: “ದಿನಾ ಮುಂಜಾನಿ ರೇಡಿಯೇಟರ್ ನೀರು ನೋಡು. ಇಂಜಿನ್ ಹೆಡ್ ಹೋತಂದ್ರ ನಾ ಕೂಲಿಗಿ ಹೋಗಬೇಕಾಗ್ತದ.” ಎರಡು ದಿನ ನಾನು ನೋಡಲೇ ಇಲ್ಲ. ಹೊರಡುವ ಮುಂಜಾನೆ ಅವನು ಫೋನ್ ಮಾಡಿ ಕೇಳಿದಾಗ, ನೋಡಿದ್ದೇನೆ ಎಂದು ಸುಳ್ಳು ಹೇಳಿದೆ.

ಶಹಾಪುರ ಇನ್ನೂ ಅರ್ಧ ದಾರಿ ಇತ್ತು. ಮಧ್ಯಾಹ್ನದ ಉರಿಬಿಸಿಲು. ನೋಡಿದರೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿದೆ. ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದೆ. ಮೇಲಿನ ಹೋಸ್ ಪೈಪು ಸೀಳಿ ಹಸಿರು ಕೂಲಂಟ್ ಹಬೆಯಾಡುತ್ತ ಸೋರುತ್ತಿತ್ತು. ಗಾಬರಿಯಲ್ಲಿ ಕೈಗೆ ಟವೆಲ್ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ಹಿಡಿದೆ. ಕುದಿಯುವ ರೇಡಿಯೇಟರ್ ತೆರೆದರೆ ಏನಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲವನು ನಾನು. ಆದರೂ ಹಿಡಿದೆ.

“ಆರ್ಲಿ.”

ಎಡಕಿವಿಯ ಹಿಂದೆ ಯಾರೋ ಅಂದರು. ಜೋರಾಗಿ ಅಲ್ಲ, ಇದೇ ಮಾತನ್ನು ಎಷ್ಟೋ ಸಲ ಹೇಳಿ ಬೇಸತ್ತ ಹಿರಿಯರ ಧ್ವನಿ. ತಿರುಗಿದೆ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕೊಯ್ದ ಭತ್ತದ ಗದ್ದೆ. ಯಾರೂ ಇರಲಿಲ್ಲ. ಅಷ್ಟರಲ್ಲಿ ನನ್ನ ಕೈ ಮುಚ್ಚಳ ಬಿಟ್ಟಿತ್ತು.

ಬೇವಿನ ನೆರಳಲ್ಲಿ ಇಪ್ಪತ್ತು ನಿಮಿಷ ಕೂತಿರಬೇಕು. ಆಮೇಲೆ ಸೀಟಿನ ಕೆಳಗಿದ್ದ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ, ಪೈಪಿಗೆ ಬಿಗಿಯಾಗಿ ಸುತ್ತಿ, ಗಂಟು ಹಾಕಿ, ಕಾಲುವೆ ನೀರು ತುಂಬಿದೆ. ಒತ್ತಡ ಏರದಂತೆ ಮುಚ್ಚಳ ಸಡಿಲ ಬಿಟ್ಟೆ. ಹಾಗೆ ಬಿಡಬೇಕೆಂದು ನನಗೆ ಯಾರು ಹೇಳಿದ್ದರೋ ನೆನಪಿಲ್ಲ. ಕಟ್ಟಿದ್ದು ಮಾತ್ರ ನನ್ನ ಕೈಗಳೇ. ಬೆರಳೆಲ್ಲ ಕಪ್ಪಾಗಿದ್ದವು. ಗಾಡಿ ಶುರು ಮಾಡುವಾಗ ಫೋನು ನೋಡಿಕೊಂಡರೆ ಒಂದೂವರೆ ತಾಸು ಕಳೆದಿತ್ತು; ಅಷ್ಟು ಹೊತ್ತು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಶಹಾಪುರದಲ್ಲಿ ಅಣ್ಣನ ಗಾಡಿ ರಿಪೇರಿಯ ಖಾಯಂ ಮಿಸ್ತ್ರಿ ಶರಣಪ್ಪ. ಬಾನೆಟ್ ಎತ್ತಿದವನು ಪೈಪಿನ ಮೇಲಿನ ಗಂಟಿಗೆ ಬೆರಳಾಡಿಸಿದ. ನಮ್ಮ ಕಡೆ ಒಬ್ಬ ಮಿಸ್ತ್ರಿ ನೋಡಿಕೊಳ್ಳುವ ಗಾಡಿಗೆ ಇನ್ನೊಬ್ಬರ ಕೈ ಬೀಳುವುದೆಂದರೆ ಅವಮಾನವೇ.

“ನಮ್ಮ ಉಸ್ತಾದರ ಕಡಿಂದ ಕಟ್ಟಿಸ್ಕೊಂಡು ಬಂದೀರಿ. ಹೇಳಿದ್ರ ನಾ ಏನು ಬ್ಯಾಡ ಅಂತಿದ್ನೇನ್ರಿ ಸರ?”

ನಾನೇ ಕಟ್ಟಿದ್ದು ಅಂದೆ. ಅವನು ನಕ್ಕ. ಮೂರು ಸುತ್ತು ಎಡಕ್ಕೆ, ತುದಿ ಒಳಗೆ ಮಡಚಿ ಸಿಗಿಸಿದ್ದು. ಸುರಪುರದಲ್ಲಿ ಅವನಿಗೆ ಕೆಲಸ ಕಲಿಸಿದ ಎಡಚ ಉಸ್ತಾದರ ಹೊರತು ಯಾರೂ ಹಾಗೆ ಕಟ್ಟುವುದಿಲ್ಲವಂತೆ. ಒಂದು ಟ್ಯೂಬಿನ ತುಂಡು ಕೈಗಿಟ್ಟು, ಹಾಗಾದರೆ ಇನ್ನೊಮ್ಮೆ ಕಟ್ಟಿ ಅಂದ. ಹತ್ತು ಸಲ ಕಟ್ಟಿದೆ. ಹತ್ತು ಸಲವೂ ಬಲಕ್ಕೇ ಸುತ್ತಿ, ಸೊಟ್ಟ ಗಂಟು ಬಿತ್ತು.

ಅಷ್ಟರಲ್ಲಿ ಸುದ್ದಿ ತಿಳಿದು ದೋರನಹಳ್ಳಿಯಿಂದ ಅಣ್ಣ ಬಂದ. ನೀರು ನೋಡಿರಲಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. “ಪಾಠ ಹೇಳಾಂವ ಸುಳ್ಳು ಹೇಳಾಕ ಯಾವಾಗ ಕಲ್ತಿ?” ಅಂದ. ಹೆಡ್ಡಿಗೆ ಏನೂ ಆಗಿಲ್ಲ ಎಂದು ಶರಣಪ್ಪ ಹೇಳಿದ ಮೇಲೆಯೇ ಅವನು ಕೂತದ್ದು. ಆ ದಿನದಿಂದ ನನ್ನ ಯಾವ ಮಾತನ್ನೂ ಅವನು ಒಂದೇ ಸಲಕ್ಕೆ ನಂಬಿಲ್ಲ. ಗಂಟಿನ ಮಾತನ್ನಂತೂ ನಂಬಲೇ ಇಲ್ಲ.

ಇಬ್ಬರೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆ ಎಂಬ ಗುಮಾನಿ ನನಗೆ. ಮುಂದಿನ ವಾರ ಸುರಪುರಕ್ಕೆ ಹೋಗಿ ಉಸ್ತಾದರ ಮನೆ ಹುಡುಕಿದೆ. ಅವರಿಗೆ ಪಾರ್ಶ್ವವಾಯು ಬಡಿದು ಎರಡು ವರ್ಷವಾಗಿತ್ತು; ಶರಣಪ್ಪನಿಗೆ ಅದು ಗೊತ್ತಿರಲಿಲ್ಲವಂತೆ. ಅಂಗಳದ ಹೊರಸಿನ ಮೇಲೆ ಒರಗಿದ್ದರು. ಎಡಗೈ ಸ್ವಾಧೀನ ತಪ್ಪಿ ದಿಂಬಿನ ಮೇಲೆ ಬಿದ್ದಿತ್ತು. ನಾನು ಹೆಸರು ಹೇಳುವ ಮೊದಲೇ ಕೇಳಿದರು:

“ಆರಿದ ಮ್ಯಾಲೇ ಮುಚ್ಚಳ ತಗದ್ರಿ, ಹೌದಿಲ್ರಿ?”

ಶರಣಪ್ಪ ಫೋನ್ ಮಾಡಿರಬೇಕು. ಮಾಡಿಲ್ಲ ಎಂದು ಅವನು ಇಂದಿಗೂ ಆಣೆ ಮಾಡುತ್ತಾನೆ. ಮಾಡಿದ್ದರೂ, ಮುಚ್ಚಳದ ವಿಷಯ ನಾನು ಅವನಿಗೆ ಹೇಳಿರಲಿಲ್ಲ. ಆಗ ಅದು ಖಾತ್ರಿ ಇತ್ತು. ಈಗ ಅಷ್ಟು ಇಲ್ಲ. ಬಿಸಿಲಿಗೆ ನನಗೆ ಮಂಪರು ಬಂದಾಗ ದಾರಿಹೋಕ ಯಾರೋ ಕಟ್ಟಿ ಹೋಗಿರಬಹುದು. ಹಾಗಾದರೆ ನನ್ನ ಬೆರಳುಗಳು ಕಪ್ಪಾದದ್ದು ಹೇಗೆ?

ಹೊಸ ಪೈಪು ಹಾಕಿದಾಗ ಹಳೆಯದನ್ನು ಕೇಳಿ ತಂದೆ. ಗಂಟಿನ ಸಮೇತ ನನ್ನ ಮೇಜಿನ ಖಾನೆಯಲ್ಲಿದೆ. ಬಿಚ್ಚಿ ನೋಡಿದರೆ ಹೇಗೆ ಕಟ್ಟಿದ್ದೆಂದು ತಿಳಿದೀತು. ಎಷ್ಟೋ ಸಲ ಕೈಗೆ ತೆಗೆದುಕೊಂಡಿದ್ದೇನೆ. ಆದರೆ ಬಿಚ್ಚಿದರೆ ಮತ್ತೆ ಕಟ್ಟಲು ನನಗೆ ಬರುವುದಿಲ್ಲ.