ಅಮ್ಮ ದಾಟಿಸಿದ ಮೊಟ್ಟೆಗಳು

ಸೆಪ್ಟೆಂಬರ್ ಬಂತೆಂದರೆ ಸಿಡ್ನಿಯ ರೌಸ್ ಹಿಲ್‌ನ ನಮ್ಮ ಬೀದಿಯವರಿಗೆಲ್ಲ ಲಾನ್‌ನ ಹುಚ್ಚು ಹಿಡಿಯುತ್ತದೆ. ಚಳಿ ಕಳೆದ ಮೊದಲ ಶನಿವಾರ ಎದುರು ಮನೆಯಾತ ಕೋಳಿಗೊಬ್ಬರದ ಮೂಟೆ ಬಿಚ್ಚಿ ಹುಲ್ಲಿನ ಮೇಲೆ ಎರಚುತ್ತಾನೆ. ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಮುಗಿಯಿತು, ಎರಡು ದಿನ ಎಲ್ಲರೂ ಮೂಗು ಮುಚ್ಚಿಕೊಂಡು ಓಡಾಡಬೇಕು. ನನ್ನ ಮಗ ಕಾರಿನ ಗಾಜು ಏರಿಸಿ "ಡಿಸ್ಗಸ್ಟಿಂಗ್" ಎನ್ನುತ್ತಾನೆ. ನಾನು ನನ್ನ ಕಡೆಯ ಗಾಜನ್ನು ಇಳಿಸುತ್ತೇನೆ. ಆ ಘಾಟು, ಒದ್ದೆ ಹೊಟ್ಟಿನ ಆ ಹುಳಿ ವಾಸನೆ ನನ್ನ ಬಾಲ್ಯದ್ದು, ಬಿಡಲು ಮನಸ್ಸಾಗುವುದಿಲ್ಲ. ಈ ವರ್ಷ ಅದೇ ವಾರ ನಮ್ಮ ಅಂಗಡಿಯಲ್ಲಿ ಮೊಟ್ಟೆಯ ಶೆಲ್ಫ್ ಖಾಲಿಯಾಗಿತ್ತು. ಫಾರ್ಮ್‌ಗಳಲ್ಲಿ ಕೋಳಿಗಳಿಗೆ ಕಾಯಿಲೆ, ಒಬ್ಬರಿಗೆ ಒಂದೇ ಡಬ್ಬಿ ಎಂದು ಚೀಟಿ ಅಂಟಿಸಿದ್ದರು. ಜೊತೆಗೆ ಬಂದಿದ್ದ ಅಮ್ಮ ಕನ್ನಡಕ ಏರಿಸಿಕೊಂಡು ಆ ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ಟ್ರಾಲಿಯನ್ನು ತಿರುಗಿಸಿ, "ನಡಿ, ಹೋಗೋಣ. ಹಾಲು ನಾಳೆ ತಗೊಂಡ್ರಾಯ್ತು" ಎಂದಳು.

ಆರರಿಂದ ಹತ್ತನೆಯ ವಯಸ್ಸಿನವರೆಗೆ ನಾನು ಬೆಳೆದದ್ದು ಫಿಲಿಪ್ಪೀನ್ಸ್‌ನ ಒಂದು ಸಣ್ಣ ಊರಿನಲ್ಲಿ. ಮೈಸೂರಿನಲ್ಲಿ ಪಶುವೈದ್ಯರಾಗಿದ್ದ ಅಪ್ಪನನ್ನು ಅಲ್ಲಿಯ ಕೋಳಿ ಆಹಾರದ ಗಿರಣಿಯವರು ಕರೆಸಿಕೊಂಡಿದ್ದರು. ಮನುಷ್ಯರಿಗಿಂತ ಕೋಳಿಗಳೇ ಹೆಚ್ಚಿದ್ದ ಊರು ಅದು. ಚರ್ಚಿನ ಬೆನ್ನಿಗೆ ಕೋಳಿ, ಶಾಲೆಯ ಬೇಲಿಗೆ ಕೋಳಿ, ಹಿತ್ತಿಲೆಂದರೆ ಬಿದಿರಿನ ಕಾಲುಗಳ ಮೇಲೆ ನಿಂತ ತಂತಿಪಂಜರಗಳ ಸಾಲು. ಬೆಳಗಿನ ಜಾವವೇ ಶೆಡ್ಡುಗಳಲ್ಲಿ ದೀಪ ಹಾಕುತ್ತಿದ್ದರು, ಸಾವಿರಾರು ಕೋಳಿಗಳ ಕೊಕ್‌ಕೊಕ್ ಸದ್ದಿಗೇ ನಾವು ಏಳುತ್ತಿದ್ದೆವು. ಅದು ಎಷ್ಟು ರೂಢಿಯಾಗಿತ್ತೆಂದರೆ, ಸದ್ದು ನಿಂತಾಗ ಮಾತ್ರ ಕಿವಿಗೆ ತಿಳಿಯುತ್ತಿತ್ತು. ಎಲ್ಲ ಶೆಡ್ಡಿನ ಬಾಗಿಲಲ್ಲೂ ಔಷಧಿ ನೀರಿನ ತೊಟ್ಟಿ ಇರಬೇಕೆಂದು ಅಪ್ಪ ಊರಿಗೆಲ್ಲ ಕಟ್ಟುನಿಟ್ಟು ಮಾಡಿದ್ದರು. ಕಾಲು ಅದ್ದದೆ ಒಳಗೆ ಹೋಗುವಂತಿಲ್ಲ. "ರೋಗ ಕಾಲಲ್ಲಿ ನಡ್ಕೊಂಡು ಬರುತ್ತೆ ಪುಟ್ಟಿ" ಎನ್ನುತ್ತಿದ್ದರು. ನಾನು ಚಪ್ಪಲಿ ಸಮೇತ ಎರಡೂ ಕಾಲನ್ನು ಅದ್ದಿ, ಹತ್ತು ಎಣಿಸಿ, ಡಾಕ್ಟರ ಮಗಳೆಂಬ ಜಂಬದಲ್ಲಿ ಒಳಗೆ ಹೋಗುತ್ತಿದ್ದೆ.

ಆ ಊರಿನಲ್ಲಿ ಯಾರ ಮನೆಗೂ ಬರಿಗೈಯಲ್ಲಿ ಹೋಗುವ ಪದ್ಧತಿ ಇರಲಿಲ್ಲ. ನಾವು ಹಣ್ಣು, ಹೂವು ಒಯ್ಯುವ ಕಡೆ ಅವರು ಮೂವತ್ತು ಮೊಟ್ಟೆಯ ಟ್ರೇ ಒಯ್ಯುತ್ತಿದ್ದರು. ಒಡಕು ಮೊಟ್ಟೆ ಮನೆಮಂದಿಗೆ, ಚೆನ್ನಾಗಿರುವುದು ಮಾರಾಟಕ್ಕೆ, ಎಲ್ಲಕ್ಕಿಂತ ದಪ್ಪನೆಯದು ಉಡುಗೊರೆಗೆ. ಕೋಳಿ ಡಾಕ್ಟರ ಮನೆಗೆ ಬರುವ ಟ್ರೇಗಳಿಗಂತೂ ಲೆಕ್ಕವೇ ಇರಲಿಲ್ಲ. ಬೇಡವೆಂದರೆ ತಂದವರ ಮುಖಕ್ಕೆ ಹೊಡೆದಂತೆ. ನಮ್ಮಮ್ಮನೋ ಮೊಟ್ಟೆಯ ಹೆಸರನ್ನೇ ಬಾಯಲ್ಲಿ ತರದವಳು. ಅವಳ ಬಾಯಲ್ಲಿ ಅದು ಬರೀ 'ಅದು'. "ಅದನ್ನ ಒಳಗೆ ತರ್ಬೇಡ", "ಅದು ಬಂತು ನೋಡು, ಎತ್ತು". ಬಂದವರೆದುರು ನಗುನಗುತ್ತ ಎರಡೂ ಕೈಯಲ್ಲಿ ಇಸಕೊಳ್ಳುತ್ತಿದ್ದಳು. ಅವರು ಗೇಟು ದಾಟುವುದೇ ತಡ, ಸೋಪು ಹಾಕಿ ಕೈ ತೊಳೆದು ನನ್ನನ್ನು ಕೂಗುತ್ತಿದ್ದಳು. ಗಿರಣಿಯ ಕಾವಲುಗಾರನಿಗೆ ಕೊಟ್ಟುಬಿಡು ಎಂದು ಅಪ್ಪ ಹೇಳಿದ್ದರು. ಗಿರಣಿ ದೂರವಿತ್ತು, ಪಕ್ಕದ ಮನೆ ಹತ್ತಿರವಿತ್ತು. ಟ್ರೇಗಳು ಪಕ್ಕದ ಮನೆಗೆ ದಾಟುವ ಸಂಗತಿ ಅಪ್ಪನಿಗೆ ಗೊತ್ತೇ ಇರಲಿಲ್ಲ.

ಪಕ್ಕದ ಮನೆಯ ಲುಮಿಂಗ್‌ರನ್ನು ನಾನು 'ನಾನಾಯ್' ಎನ್ನುತ್ತಿದ್ದೆ. ಅವರ ಭಾಷೆಯಲ್ಲಿ ಅಮ್ಮ ಎಂದು ಅರ್ಥ. ಅವರದು ಎರಡು ಸಾವಿರ ಕೋಳಿಯ ಒಂದೇ ಶೆಡ್ಡು, ಟೆಸ್ ಎಂಬ ಮಗಳು, ಬೀದಿಗೆಲ್ಲ ಕೇಳುವ ನಗು. ನಾನು ತಂದ ಟ್ರೇಯನ್ನು ಶೆಡ್ಡಿನೊಳಗಿನ ಮೇಜಿನ ಮೇಲೆ ಇಡಿಸಿಕೊಂಡು, ಬದಲಿಗೆ ಹಿತ್ತಿಲಿನಿಂದ ಒಂದು ಮಡಿಲು ನುಗ್ಗೆಸೊಪ್ಪು ಕಿತ್ತು ಕೊಡುತ್ತಿದ್ದರು. ಆ ಸೊಪ್ಪು ಕಂಡರೆ ಅಮ್ಮನಿಗೆ ಮೈಸೂರು ಕಂಡಷ್ಟು ಖುಷಿ. ಹೀಗೆ ಮೂರು ವರ್ಷ ಎರಡು ಮನೆಗಳ ನಡುವೆ ನಾನು ಓಡಾಡಿದೆ. ನಾನಾಯ್‌ರ ಗಂಡ ಅಂಬೊರದು ಮಾತು ಕಡಿಮೆ. ಮಾವಿನ ಮರದ ಬುಡದಲ್ಲಿ ಅವರ ಕಾಳಗದ ಹುಂಜವಿತ್ತು, ಕಾಲಿಗೆ ದಾರ ಕಟ್ಟಿಸಿಕೊಂಡು ರಾಜಗಾಂಭೀರ್ಯದಲ್ಲಿ ನಿಂತಿರುತ್ತಿತ್ತು. ಸಂಜೆ ಹೊತ್ತು ಅದರ ಕಾಲಿಗೆ ಎಣ್ಣೆ ತಿಕ್ಕುತ್ತ ಅದರೊಡನೆ ಮಾತ್ರ ಮನಸಾರೆ ಮಾತಾಡುತ್ತಿದ್ದರು. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅದನ್ನು ಕಂಕುಳಲ್ಲಿಟ್ಟುಕೊಂಡು ಕಾಳಗದ ಕಣಕ್ಕೆ ಹೊರಡುವರು. "ಮದುವೆ ಆಗಿದ್ದು ನನ್ನನ್ನ, ಸಂಸಾರ ಮಾಡೋದು ಅದರ ಜೊತೆ" ಎಂದು ನಾನಾಯ್ ಛೇಡಿಸಿದರೆ, ಅಂಬೊ ನೆಲ ನೋಡಿಕೊಂಡು ನಗುತ್ತಿದ್ದರು.

ಮಳೆಗಾಲದ ಕೊನೆಗೆ ಒಂದು ಸೋಮವಾರ ಮಧ್ಯಾಹ್ನ ಹೊಳೆಯಾಚೆಯ ಫಾರ್ಮಿನವನೊಬ್ಬ ಬಂದ. ಅಪ್ಪ ಇಲ್ಲದ ಹೊತ್ತನ್ನೇ ನೋಡಿಕೊಂಡು ಬಂದವನ ಹಾಗಿತ್ತು. ಕೂರಲಿಲ್ಲ, ನೀರೂ ಕುಡಿಯಲಿಲ್ಲ, ಟ್ರೇ ಇಟ್ಟು ಹೊರಟುಹೋದ. ನಾನು ಎಂದಿನಂತೆ ಅದನ್ನು ಎತ್ತಿಕೊಂಡು ಹೋದೆ. ತೊಟ್ಟಿಯಲ್ಲಿ ಕಾಲು ಅದ್ದಿ ಹತ್ತು ಎಣಿಸಿದೆ. ಆಮೇಲೆ ಎರಡೂ ಕೈಯಲ್ಲಿ ಟ್ರೇ ಹಿಡಿದು ಶೆಡ್ಡಿನೊಳಗೆ ಹೋದೆ. ಮೊಟ್ಟೆಗಳಿಗೆ ಹಿಕ್ಕೆ ಅಂಟಿತ್ತು, ಒಂದು ಸಣ್ಣ ಪುಕ್ಕವೂ ಇತ್ತು. ನಾನಾಯ್ ಒರೆಸಿ ಬೇರೆ ಮಾಡಿ, ಖಾಲಿ ಟ್ರೇಯನ್ನು ಪಂಜರದ ಪಕ್ಕದ ಟ್ರೇಗಳ ಅಟ್ಟಿಯ ಮೇಲೆ ಹಾಕಿದರು. ನುಗ್ಗೆಸೊಪ್ಪು ಕೊಟ್ಟರು. ಅಮ್ಮ ಅದನ್ನೇ ಸಾರು ಮಾಡಿದಳು.

ಸಂಜೆ ಅಪ್ಪ ಬಂದವರೇ ಜಗಲಿಯಲ್ಲಿ ಕುಸಿದು ಕೂತರು. "ಹೊಳೆಯಾಚೆ ಫಾರ್ಮಿಗೆ ಪೆಸ್ತೆ ಬಂದಿದೆ. ವಾರದಿಂದ ಮುಚ್ಚಿಟ್ಟಿದಾನೆ ಆಸಾಮಿ. ಅಲ್ಲಿಂದ ಒಂದು ಪುಕ್ಕಾನೂ ಈ ಕಡೆ ಬರ್ಬಾರ್ದು, ಬಂದ್ರೆ ಊರೇ ಖಾಲಿ" ಎಂದರು. ಪೆಸ್ತೆ ಎಂದರೆ ಕೋಳಿಗಳ ಮಹಾಮಾರಿ, ಆ ಹೆಸರು ಕೇಳಿದರೆ ಅಲ್ಲಿಯವರು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಅಪ್ಪ ಸ್ನಾನಕ್ಕೆ ಹೋದಾಗ ಅವಳು ನನ್ನ ಮಣಿಕಟ್ಟು ಹಿಡಿದು ಹಿತ್ತಿಲಿಗೆ ಎಳೆದೊಯ್ದಳು. "ಟ್ರೇ ವಿಷ್ಯ ಯಾರ ಹತ್ರಾನೂ ಎತ್ಬೇಡ, ನನ್ನಾಣೆ. ಅಪ್ಪನ ಕೆಲಸ ಹೋಗುತ್ತೆ. ಏನೂ ಆಗಲ್ಲ ಬಿಡು, ಮೊಟ್ಟೆ ತಾನೆ." ಅವಳ ಬಾಯಲ್ಲಿ ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಎಷ್ಟು ಹೆದರಿದ್ದಾಳೆಂಬುದು ನನಗೆ ಅದರಿಂದಲೇ ತಿಳಿಯಿತು.

ನಾಲ್ಕು ದಿನ ಏನೂ ಆಗಲಿಲ್ಲ. ಶಾಲೆಯಿಂದ ಬಂದವಳೇ ನಾನು ಬೇಲಿಯ ಬಳಿ ನಿಂತು ಕಿವಿಗೊಡುತ್ತಿದ್ದೆ. ಐದನೆಯ ದಿನ ಕೆಲವು ಕೋಳಿಗಳು ಬಾಯಿ ತೆರೆದು ಉಸಿರೆಳೆಯತೊಡಗಿದವು. ಆರನೆಯ ದಿನ ಕುತ್ತಿಗೆ ತಿರುಚಿಕೊಂಡು ಬೆನ್ನಿನ ಕಡೆಗೇ ನೋಡುತ್ತ ಬಿದ್ದವು. ಭಾನುವಾರ ಬೆಳಗಿನ ಜಾವ ನನಗೆ ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದಿಲ್ಲದ್ದರಿಂದ. ಶೆಡ್ಡಿನಲ್ಲಿ ದೀಪ ಉರಿಯುತ್ತಿತ್ತು, ಒಳಗೆ ನಾನಾಯ್ ಒಬ್ಬರೇ ಓಡಾಡುತ್ತಿದ್ದರು. ಅಪ್ಪ ಗುಂಡಿ ತೋಡಿಸಿ, ಸತ್ತ ಕೋಳಿಗಳ ಮೇಲೆ ಸುಣ್ಣ ಹಾಕಿಸಿದರು. ಅವರ ಕಣ್ಣು ಕೆಂಪಾಗಿತ್ತು. "ಸೋಮವಾರ, ಮಂಗಳವಾರ ಸುಳಿವು ಸಿಕ್ಕಿದ್ರೂ ಸಾಕಿತ್ತು. ಲಸಿಕೆ ಹಾಕಿ ಅರ್ಧ ಕೋಳಿ ಉಳಿಸ್ತಿದ್ದೆ" ಎಂದು ಅಮ್ಮನಿಗೆ ಹೇಳಿದರು. ಅಮ್ಮ ಅವರ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು. ನಾನು ಅವಳ ಮುಖವನ್ನೇ ನೋಡಿದೆ, ಅವಳು ನನ್ನ ಕಡೆ ತಿರುಗಲಿಲ್ಲ.

ಹೊರಗಿನಿಂದ ಏನು ಬಂತು ಎಂದು ಅಪ್ಪ ಮನೆಮನೆಯಲ್ಲಿ ವಿಚಾರಿಸಿದರು. ನಾನಾಯ್‌ಗೆ ನಮ್ಮ ಟ್ರೇಯ ನೆನಪೇ ಆಗಲಿಲ್ಲ. ಡಾಕ್ಟರ ಮನೆಯಿಂದ ಬಂದದ್ದು ಹೊರಗಿನದು ಎಂದು ಯಾರಿಗೆ ಹೊಳೆಯಬೇಕು? ಕೊನೆಗೆ ಅಂಬೊ ತಾವೇ ಮುಂದೆ ಬಂದು, "ಕಳೆದ ಭಾನುವಾರ ನನ್ನ ಹುಂಜ ಕಣಕ್ಕೆ ಹೋಗಿ ಬಂದಿದೆ. ಬೇರೇನೂ ಇಲ್ಲ" ಎಂದರು. ಸುಳ್ಳು ಹೇಳಲು ಬಾರದ ಮನುಷ್ಯ. ಅಪ್ಪ ತಲೆಯಾಡಿಸಿ ಬರೆದುಕೊಂಡರು. ನಾನಾಯ್ ಗಂಡನ ಕಡೆ ಒಮ್ಮೆ ನೋಡಿದರು. ಅಂಬೊ ದಾರ ಬಿಚ್ಚಿ ಹುಂಜವನ್ನು ಎತ್ತಿಕೊಂಡು ಮನೆಯ ಹಿಂದಕ್ಕೆ ಹೋದರು, ಬರುವಾಗ ಕೈ ಖಾಲಿಯಿತ್ತು. ಹುಂಜ ಒಮ್ಮೆಯೂ ಕೆಮ್ಮಿರಲಿಲ್ಲ, ಆ ಬೆಳಿಗ್ಗೆಯೂ ಕೂಗಿತ್ತು. ಅದು ನನಗೆ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು.

ವರ್ಷ ತುಂಬುವುದರೊಳಗೆ ನಾವು ಮೈಸೂರಿಗೆ ವಾಪಸಾದೆವು. ಅಲ್ಲಿ ಮೇಷ್ಟ್ರಾದ ಅಪ್ಪ ಆ ಹುಂಜದ ಕತೆಯನ್ನು ತಮ್ಮ ವಿದ್ಯಾರ್ಥಿಗಳಿಗೆ ಪಾಠವಾಗಿ ಹೇಳಿ ಹೇಳಿಯೇ ತೀರಿಕೊಂಡರು. ನಾನು ಮದುವೆಯಾಗಿ ಸಿಡ್ನಿಗೆ ಬಂದೆ, ಕಾಯಂ ವಾಸದ ಪಿಆರ್ ಸಿಕ್ಕ ಮೇಲೆ ಅಮ್ಮನನ್ನು ಕರೆಸಿಕೊಂಡೆ. ನಾನಾಯ್‌ರ ಮಗಳು ಟೆಸ್ ನರ್ಸ್ ಆಗಿ ಮೆಲ್ಬರ್ನ್ ಸೇರಿದ್ದಳು, ಹೇಗೋ ನನ್ನನ್ನು ಹುಡುಕಿ ಫೋನ್ ಮಾಡಿದಳು. ಅಂಬೊ ತೀರಿಹೋಗಿ ಹತ್ತು ವರ್ಷವಾಯಿತು, ತಾಯಿ ಈಗ ತನ್ನ ಜೊತೆಗಿದ್ದಾರೆ, ನಿನ್ನನ್ನು ನೋಡಬೇಕಂತೆ ಎಂದಳು. ಅಂಗಡಿಯ ಆ ಚೀಟಿ ಓದಿದ ವಾರ ನಾನು ಟಿಕೆಟ್ ಬುಕ್ ಮಾಡಿದೆ. "ಹೋಗ್ಬಾ" ಎಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಹಳೇದನ್ನ ಕೆದಕಬೇಡ. ವಯಸ್ಸಾಗಿದೆ ಅವರಿಗೆ" ಎಂದಳು.

ಮೆಲ್ಬರ್ನಿನ ಪಶ್ಚಿಮಕ್ಕೆ ಟೆಸ್ ಇದ್ದ ಹೊಸ ಬಡಾವಣೆಯಲ್ಲಿ ಮರಗಳಿನ್ನೂ ಬೆಳೆದಿರಲಿಲ್ಲ, ಗಾಳಿ ಮಾತ್ರ ಜೋರಾಗಿತ್ತು. ನಾನಾಯ್ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ನನ್ನ ಕೆನ್ನೆ ಹಿಡಿದು ಅತ್ತರು, ನಕ್ಕರು. ನಕ್ಕಾಗ ಬೀದಿಯ ತುದಿಗಿರಲಿ, ಪಕ್ಕದ ಕೋಣೆಗೂ ಕೇಳುತ್ತಿರಲಿಲ್ಲ. ಟೆಸ್ ಟೀ ಮಾಡಲು ಒಳಗೆ ಹೋದಳು. ಅಂಬೊ ವಿಷಯ ತೆಗೆದೆ. "ಅವರ ಮಾತು ಬೇಡ" ಎಂದರು ನಾನಾಯ್. ಹುಂಜದ ಘಟನೆಯಾದ ಮೇಲೆ ಕೊನೆಯವರೆಗೂ ಅವರೊಡನೆ ನೇರವಾಗಿ ಮಾತಾಡಲೇ ಇಲ್ಲವಂತೆ. ಒಂದೇ ಮನೆ, ಒಂದೇ ಒಲೆ, ಮಾತೆಲ್ಲ ಮಗಳ ಮೂಲಕ. ನಾನು ಅವರ ಕಾಲ ಬಳಿ ನೆಲದ ಮೇಲೆ ಕೂತು ಹೊಳೆಯಾಚೆಯವನನ್ನು, ಟ್ರೇಯನ್ನು, ನುಗ್ಗೆಸೊಪ್ಪನ್ನು, ಅಮ್ಮ ಇಟ್ಟ ಆಣೆಯನ್ನು ಒಂದೂ ಬಿಡದೆ ಹೇಳಿದೆ. ಹೇಳಿದರೆ ಹಗುರಾಗುತ್ತದೆಂದು ಮೂವತ್ತೈದು ವರ್ಷ ನಂಬಿದ್ದೆ. ಎಂಥ ಸ್ವಾರ್ಥ ನನ್ನದು!

ನಾನಾಯ್ ಕಿಟಕಿಯ ಕಡೆ ತಿರುಗಿದರು. "ನೀನು ಆಗ ಮಗು" ಎಂದರು. ಆಮೇಲೆ, "ನಿನ್ನಮ್ಮ ಮಗು ಆಗಿರ್ಲಿಲ್ಲ" ಎಂದರು. ಕಂಬಳಿಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡರು. "ಸಾಯೋ ಹಿಂದಿನ ದಿನ ಅವರು ನನ್ನ ಕಡೆ ನೋಡಿ ನೀರು ಕೇಳಿದ್ರು. ಹೂಜಿ ನನ್ನ ಪಕ್ಕದಲ್ಲೇ ಇತ್ತು. ನಿಮ್ಮಪ್ಪನಿಗೆ ನೀರು ಕೊಡು ಅಂತ ಟೆಸ್‌ನ ಕೂಗಿದೆ. ಅವರು ಅಲ್ಲಿ ಮಣ್ಣಲ್ಲಿದಾರೆ, ನಾನು ಇಲ್ಲಿ ಕೂತಿದೀನಿ. ಈಗ ಯಾರ ಹತ್ತಿರ ಹೋಗಿ ಕ್ಷಮೆ ಕೇಳಲಿ ನಾನು?" ಒಳಗೆ ಕಪ್ಪುಗಳ ಸದ್ದಾದಾಗ ಅವರು ಬಗ್ಗಿ ನನ್ನ ಮಣಿಕಟ್ಟು ಹಿಡಿದರು. "ಟೆಸ್‌ಗೆ ಹೇಳಬೇಡ. ಅವಳೂ ಅಪ್ಪನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನನ್ನನ್ನ ನೋಡಿ ಕಲಿತಳು. ಅವಳಿಗೂ ಇದು ಬೇಡ."

ಟೆಸ್ ಟೀ ತಂದು, ಏನು ಮಾತು ಎಂದು ಕೇಳಿದಳು. ನಾನಾಯ್ ಕಣ್ಣೊರೆಸಿಕೊಂಡು ಹಳೆಯ ಊರಿನ ವಿಷಯ ಎಂದರು. ನಾನೂ ಹೌದೆಂದೆ, ಟೀ ಕುಡಿದೆ. ಹೀಗೆ ಇಂದು ಅಮ್ಮ, ನಾನಾಯ್, ನಾನು, ಮೂವರು ಹೆಂಗಸರಿಗೆ ನಿಜ ಗೊತ್ತು, ಮೂವರೂ ಬಾಯಿಬಿಡುವುದಿಲ್ಲ. ಆ ಊರಿನಲ್ಲಿ ಅವರ ಶೆಡ್ಡಿದ್ದ ಜಾಗವನ್ನು ಎಂದೋ ಸಮ ಮಾಡಿದ್ದಾರಂತೆ, ಮಾವಿನ ಮರವೂ ಇಲ್ಲವಂತೆ. ಟೆಸ್‌ಗೆ ಓದಲು ಬಾರದ ಈ ನನ್ನ ಭಾಷೆಯಲ್ಲಿ ಇದನ್ನು ಬರೆದಿದ್ದೇನೆ, ಹೆಸರುಗಳನ್ನೂ ಬದಲಿಸಿದ್ದೇನೆ. ಅಮ್ಮ ಓದುತ್ತಾಳೆ, ನನಗೆ ಗೊತ್ತು. ಓದಲಿ. ಆ ಮನುಷ್ಯನದು ಏನೂ ತಪ್ಪಿರಲಿಲ್ಲ ಎಂದು ಎಲ್ಲಾದರೂ ಒಂದು ಕಡೆ ಬರೆದಿರಬೇಕಲ್ಲ.